ಕೈಯಾರೆ ಮಾಡಿದ ಉಡುಗೊರೆಯೂ ಗಣಿತದ ಮೇಷ್ಟರೂ

ಮನುಷ್ಯನಿಗೆ ಬರುವ ಕಾಯಿಲೆಗಳಲ್ಲಿ ಹೊಟ್ಟೆಕಿಚ್ಚಿನಷ್ಟು ಮರ್ಯಾದೆಗೆಟ್ಟದ್ದು ಇನ್ನೊಂದಿಲ್ಲ. ಬಿ.ಪಿ. ಇದ್ದವನು ನಾಲ್ಕು ಜನರೆದುರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾನೆ. ಸಕ್ಕರೆ ಕಾಯಿಲೆಯವನಿಗೆ ಮದುವೆ ಮನೆಯಲ್ಲಿ ಬೇರೆಯೇ ಚಹಾ ಬರುತ್ತದೆ, ಅದನ್ನು ತಂದುಕೊಡಲು ಒಬ್ಬ ಮನುಷ್ಯನೂ ಬರುತ್ತಾನೆ. ಹೊಟ್ಟೆಕಿಚ್ಚಿನವನು ಮಾತ್ರ ತನ್ನ ರೋಗಕ್ಕೆ ಬೇರೆ ಬೇರೆ ಹೆಸರಿಟ್ಟುಕೊಂಡು ತಿರುಗಬೇಕು: ‘ಶಾಲೆಯಲ್ಲಿ ಶಿಸ್ತೇ ಉಳಿದಿಲ್ಲ’, ‘ಈಗಿನ ಕಾಲವೇ ಹೀಗೆ’, ‘ನನಗೇನೂ ಬೇಡ, ಇದು ತತ್ತ್ವದ ಪ್ರಶ್ನೆ’. ಈ ಮೂರು ಹೆಸರುಗಳನ್ನೂ ನಾನು ಎರಡು ವರ್ಷ ಧಾರಾಳವಾಗಿ ಬಳಸಿದ್ದೇನೆ. ಈಗ ನಿವೃತ್ತನಾಗಿದ್ದೇನೆ, ಸತ್ಯ ಹೇಳಿದರೆ ಯಾರೂ ನನ್ನನ್ನು ಕೆಲಸದಿಂದ ತೆಗೆಯಲಾರರು. ನನಗೆ ಹೊಟ್ಟೆಕಿಚ್ಚಾದದ್ದು ಒಬ್ಬ ಪಿ.ಟಿ. ಮಾಸ್ತರರ ಮೇಲೆ. ಅದು ಶುರುವಾದದ್ದು ಅವರು ಊದುವ ಸೀಟಿಗೆ ಒಂದು ಹುಡುಗಿ ಹೆಣೆದುಕೊಟ್ಟ ದಾರದಿಂದ.

ಡೊಂಬಿವಲಿ ಪೂರ್ವದ ಒಂದು ಮಿಶನ್ ಶಾಲೆಯಲ್ಲಿ ನಾನು ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದೆ. ಉಡುಪಿ ಕಡೆಯಿಂದ ಮುಂಬಯಿಗೆ ಬಂದವರೆಲ್ಲ ಹೋಟೆಲಿನಲ್ಲಿ ದೋಸೆ ಮಗುಚುತ್ತಾರೆ ಎಂಬ ನಂಬಿಕೆಯನ್ನು ಸುಳ್ಳು ಮಾಡಲು ಹೊರಟು, ದೋಸೆಗಿಂತ ಕಷ್ಟದ ಭಿನ್ನರಾಶಿಗಳನ್ನು ಮಗುಚಿದವನು ನಾನು. ನಮ್ಮ ಶಾಲೆಯಲ್ಲಿ ಕ್ರಿಶ್ಚಿಯನ್ ಮಕ್ಕಳು ತರಗತಿಗೆ ನಾಲ್ಕೋ ಐದೋ. ಆದರೆ ಕ್ರಿಸ್ಮಸ್ ರಜೆಯ ಹಿಂದಿನ ದಿನ ಎಲ್ಲ ಮಕ್ಕಳೂ ಟೀಚರುಗಳಿಗೆ ಉಡುಗೊರೆ ಕೊಡುವುದು ಪದ್ಧತಿ. ತಂದೆತಾಯಿಗಳು ಸ್ಟೇಶನ್ ಪಕ್ಕದ ಅಂಗಡಿಯಿಂದ ಪೆನ್ ಸ್ಟ್ಯಾಂಡುಗಳನ್ನು ಡಜನ್ ಲೆಕ್ಕದಲ್ಲಿ ತಂದು, ಒಂದೇ ತರಹದ ಮಿರಿಮಿರಿ ಕಾಗದ ಸುತ್ತಿ ಕಳಿಸುತ್ತಿದ್ದರು. ನಮ್ಮ ಮನೆಯಲ್ಲಿ ಹದಿನೇಳು ಪೆನ್ ಸ್ಟ್ಯಾಂಡುಗಳಿದ್ದವು, ಪೆನ್ನು ಎರಡು. ಅದೊಂದು ಸುವರ್ಣಯುಗ. ಕೊಟ್ಟವನಿಗೆ ನಿಮ್ಮ ಮೇಲೆ ಪ್ರೀತಿ ಇದೆಯೋ ಇಲ್ಲವೋ ಎಂಬುದನ್ನು ಪೆನ್ ಸ್ಟ್ಯಾಂಡ್ ಬಾಯಿಬಿಟ್ಟು ಹೇಳುವುದಿಲ್ಲ. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಸಮಾನವಾಗಿ ಪ್ರೀತಿಪಾತ್ರರಾಗಿದ್ದೆವು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿರಬೇಕು, ಒಬ್ಬ ಬಿಲ್ಡರ್ ತಂದೆ ತನ್ನ ಮಗನ ಕ್ಲಾಸ್ ಟೀಚರಿಗೆ ಮಿಕ್ಸರ್ ಕಳಿಸಿಬಿಟ್ಟ. ನಮ್ಮ ಪ್ರಿನ್ಸಿಪಾಲ್ ಸಿಸ್ಟರ್ ಅದನ್ನು ಬಂದ ರಿಕ್ಷಾದಲ್ಲೇ ವಾಪಸು ಕಳಿಸಿ, ಮರುವರ್ಷ ಡಿಸೆಂಬರಿನಲ್ಲಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಒಂದು ಹೊಸ ನಿಯಮ ಸಾರಿದರು. ಅಂಗಡಿಯ ಉಡುಗೊರೆ ಇನ್ನು ಶಾಲೆಯ ಗೇಟು ದಾಟಬಾರದು. ಅಮ್ಮನಿಗಾಗಲಿ, ಗೆಳೆಯರಿಗಾಗಲಿ, ಟೀಚರಿಗಾಗಲಿ, ಕೊಡುವುದನ್ನು ಕೈಯಾರೆ ಮಾಡಿ ಕೊಡಬೇಕು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸುಖವಾಗಿರುತ್ತಿದ್ದೆ. “ಯಾರಿಗೆ ಕೊಡುತ್ತೀರೋ ಅವರನ್ನು ಮೊದಲು ಒಂದು ವಾರ ಸರಿಯಾಗಿ ನೋಡಿ, ಅವರಿಗೆ ಏನು ಕೊರತೆ ಎಂದು ತಿಳಿದುಕೊಂಡು ಮಾಡಿ” ಎಂದೂ ಸೇರಿಸಿದರು. ಆ ವಾರ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಇದ್ದಷ್ಟು ಕೂದಲನ್ನು ಬಾಚಿಕೊಂಡು, ನೋಡಲು ಅನುಕೂಲವಾಗಲೆಂದು ಕಾರಿಡಾರಿನಲ್ಲಿ ನಿಧಾನವಾಗಿ ನಡೆದಾಡಿದೆ. ನನ್ನ ಕೊಡೆಯ ಹಿಡಿ ಮುರಿದಿತ್ತು. ಡಿಸೆಂಬರಿನಲ್ಲಿ ಡೊಂಬಿವಲಿಯಲ್ಲಿ ಮಳೆ ಬರುವುದಿಲ್ಲವಾದರೂ ಅದನ್ನು ಎಲ್ಲರಿಗೂ ಕಾಣುವಂತೆ ದಿನಾ ಒಯ್ದೆ.

ಫಲಿತಾಂಶ ಬಂತು. ನನಗೆ ಮೂರು ಗ್ರೀಟಿಂಗ್ ಕಾರ್ಡುಗಳು. ಅದರಲ್ಲಿ ಒಂದು ಹಳೆಯ ಲಗ್ನಪತ್ರಿಕೆಯ ಬೆನ್ನಿನಲ್ಲಿ ಮಾಡಿದ್ದು. ತಿರುಗಿಸಿದರೆ ‘ನಿಮ್ಮ ಉಪಸ್ಥಿತಿಯೇ ಉಡುಗೊರೆ’ ಎಂದು ಮರಾಠಿಯಲ್ಲಿ ಅಚ್ಚಾಗಿತ್ತು. ಪಿ.ಟಿ. ಮಾಸ್ತರರಾದ ಬಿರಾದಾರರಿಗೆ ಎರಡು ಚೀಲ ತುಂಬಿತು. ಬಿರಾದಾರರು ವಿಜಾಪುರದ ಕಡೆಯವರು, ಆರಡಿ ಆಳು, ಮಕ್ಕಳನ್ನು ಬಿಸಿಲಿಗೆ ಬಿಡುವುದು ಬಿಟ್ಟರೆ ಬೇರೆ ವಿದ್ಯೆ ಕಲಿಸಿದ್ದನ್ನು ನಾನು ಕಂಡಿಲ್ಲ. ಅವರ ಸೀಟಿಯ ದಾರ ಪದೇ ಪದೇ ಕಡಿಯುತ್ತದೆಂದು ಒಬ್ಬ ಹುಡುಗಿ ಕೆಂಪು ಹಸಿರು ದಾರ ಹೆಣೆದು ಕೊಟ್ಟಿದ್ದಳು. ಮಧ್ಯಾಹ್ನ ಮೈದಾನದಲ್ಲಿ ಕುತ್ತಿಗೆ ಸುಡುತ್ತದೆಂದು ಇನ್ನೊಬ್ಬ, ಹಿಂದೆ ಬಟ್ಟೆ ಇಳಿಬಿಟ್ಟ ಟೋಪಿ. ಅವರ ಮನೆಯಿರುವ ಟಿಟ್ವಾಳಾದವರೆಗೆ ರೈಲಿನಲ್ಲಿ ಹಸಿವಾಗುತ್ತದೆಂದು ಮತ್ತೊಬ್ಬಳು ಅಕ್ಕಿಹಿಟ್ಟಿನ ಗುಲಾಬಿ ಹೂವಿನ ಆಕಾರದ ಬಿಸ್ಕತ್ತು. ಅವರಿಗೆ ಹಸಿವಾಗುತ್ತದೆ ಎಂಬುದನ್ನು ಕಂಡುಹಿಡಿದ ಮಕ್ಕಳಿಗೆ ನನಗೂ ಒಂದು ಹೊಟ್ಟೆ ಇದೆ ಎಂಬುದು ಹೊಳೆದಿರಲಿಲ್ಲ. ಆ ಹೊತ್ತಿಗೆ ಅದರಲ್ಲಿ ಕಿಚ್ಚು ಹತ್ತಿಕೊಂಡಿತ್ತು ಎನ್ನುವುದು ಬೇರೆ ಮಾತು.

ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಒಂದೇ ಲೋಕಲ್ಲು. ನಾನು ಕಲ್ಯಾಣಿನಲ್ಲಿ ಇಳಿಯುತ್ತೇನೆ, ಅವರು ಟಿಟ್ವಾಳಾದವರೆಗೆ. ಗದ್ದಲದಲ್ಲಿ ಎರಡು ಚೀಲ ಹಿಡಿಯಲಾರದೆ ಅವರು, “ಮಾಸ್ತರ, ಒಂದ್ ಚೀಲಾ ಹಿಡೀರಿ ಸ್ವಲ್ಪ. ನಿಮ್ಮ ಕೈ ಖಾಲಿನ ಅದಾವಲ್ರಿ” ಎಂದರು. ಅವರ ಮಾತಿನಲ್ಲಿ ಕುಹಕ ಒಂದು ಎಳ್ಳಿನಷ್ಟೂ ಇರಲಿಲ್ಲ. ನನಗೆ ಹೆಚ್ಚು ಉರಿದದ್ದು ಅದಕ್ಕೇ. ಚೀಲ ಹಿಡಿದೆ. ಜನರ ತಳ್ಳಾಟದಲ್ಲಿ ಅವರು ಬಾಗಿಲ ಬಳಿ ಉಳಿದರು, ನಾನು ಒಳಗೆ ಸೇರಿದೆ. ಸೀಟಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಚೀಲದಿಂದ ಇಣುಕುತ್ತಿದ್ದ ಕಾಗದದ ನಕ್ಷತ್ರ ನೋಡಿ, “ಟೀಚರ್ ಹೋ ಕ್ಯಾ? ಬಚ್ಚೇ ಬಹುತ್ ಪ್ಯಾರ್ ಕರ್ತೇ ಹೈ ಆಪ್‌ಸೇ” ಎಂದು ಮಕ್ಕಳ ಪ್ರೀತಿಯನ್ನು ಮೆಚ್ಚಿ, ಸರಿದು ಅರ್ಧ ಜಾಗ ಕೊಟ್ಟರು. ನಾನು ‘ಅಲ್ಲ’ ಎನ್ನಬೇಕಿತ್ತು. “ಏನು ಮಾಡುವುದು, ಬೇಡವೆಂದರೂ ಕೇಳುವುದಿಲ್ಲ” ಎಂದೆ, ಹಿಂದಿಯಲ್ಲಿ. ನಡುವಿನ ಠಾಕುರ್ಲಿ ಸ್ಟೇಶನ್ ದಾಟುವವರೆಗೆ ನಾನು ಡೊಂಬಿವಲಿಯ ಅತ್ಯಂತ ಪ್ರೀತಿಪಾತ್ರ ಶಿಕ್ಷಕನಾಗಿದ್ದೆ. ಕಲ್ಯಾಣಿನಲ್ಲಿ ಇಳಿಯುವಾಗ ಬಿರಾದಾರರು ಬಾಗಿಲಿನಿಂದ ಕೈಚಾಚಿ, “ತರ್ರಿ ನನ್ನ ಚೀಲಾ!” ಎಂದು ಇಡೀ ಬೋಗಿಗೇ ಕೇಳುವಂತೆ ಕೂಗಿದರು. ಮೈದಾನದಲ್ಲಿ ಪಳಗಿದ ಗಂಟಲು. ಆ ಹಿರಿಯರ ಮುಖ ನೋಡಲು ನಾನು ನಿಲ್ಲಲಿಲ್ಲ.

ಮನೆಯಲ್ಲಿ ಹೆಂಡತಿ ವಿಮಲಳೆದುರು ಶಿಸ್ತು, ಕಾಲ, ತತ್ತ್ವ ಮೂರನ್ನೂ ಕುರಿತು ಅರ್ಧ ಗಂಟೆ ಮಾತಾಡಿದೆ. ಅವಳು ಬಸಳೆ ಸೋಸುತ್ತಾ, “ಎಂತ ಮಾರಾಯ್ರೆ, ನಿಮಗೆ ಬಿಸ್ಕತ್ತು ಬೇಕಿದ್ರೆ ಬೇಕು ಅಂತ ಹೇಳಿ, ನಾನೇ ಮಾಡಿ ಕೊಡ್ತೇನೆ” ಎಂದಳು. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ತತ್ತ್ವದ ಪ್ರಶ್ನೆ ಅರ್ಥವಾಗುವುದಿಲ್ಲ. ಬಿಸ್ಕತ್ತು ಯಾರಿಗೆ ಬೇಕು? ನನಗೆ ಬೇಕಾದದ್ದು ಒಂದೇ: ನನ್ನ ತರಗತಿಯ ನಲವತ್ತೆಂಟು ಮಕ್ಕಳಲ್ಲಿ ಒಬ್ಬನಾದರೂ ನನ್ನನ್ನು ಒಂದು ವಾರ ನೋಡಿ, ಇವರಿಗೆ ಇಂಥದ್ದು ಬೇಕು ಎಂದು ಕೂತು ಏನಾದರೂ ಮಾಡಬೇಕು. ಅದು ಬಿರಾದಾರರಿಗೆ ಕಾಣುವಂತೆ ನನ್ನ ಮೇಜಿನ ಮೇಲಿರಬೇಕು.

ಮರುವರ್ಷ ನವೆಂಬರಿನಿಂದಲೇ ನಾನು ಸಿದ್ಧತೆ ಶುರು ಮಾಡಿದೆ. ಏಳನೇ ತರಗತಿಗೆ ಹೋಮ್‌ವರ್ಕ್ ಅರ್ಧಕ್ಕೆ ಇಳಿಸಿದೆ. ಒಂದು ದಿನ ನಕ್ಕೂ ಬಿಟ್ಟೆ. ಮುಂದಿನ ಬೆಂಚಿನ ಹುಡುಗಿ ಗಾಬರಿಯಿಂದ ಪುಸ್ತಕ ತೆಗೆದಳು. ವಿಷಯವನ್ನು ಮಕ್ಕಳ ಮನಸ್ಸಿಗೆ ತರಲು ಬೋರ್ಡಿನ ಮೇಲೆ ಒಂದು ಲೆಕ್ಕವನ್ನೂ ಬರೆದೆ: ‘ಒಬ್ಬ ವಿದ್ಯಾರ್ಥಿ ತನ್ನ ಎಂಟು ಶಿಕ್ಷಕರಿಗಾಗಿ ಇಪ್ಪತ್ತನಾಲ್ಕು ಉಡುಗೊರೆಗಳನ್ನು ಕೈಯಾರೆ ಮಾಡಿದನು. ಪ್ರತಿಯೊಬ್ಬರಿಗೆ ಎಷ್ಟು?’ ಕೊನೆಯ ಬೆಂಚಿನ ಸ್ವಪ್ನಿಲ್ ಎಂಬ ಹುಡುಗ, ಅವನ ತಾಯಿ ಮನೆಯಲ್ಲೇ ಬ್ಲೌಸ್ ಹೊಲಿದು ಸಂಸಾರ ತೂಗಿಸುವವಳು, ಎದ್ದುನಿಂತು “ಸರ್, ಡಿಪೆಂಡ್ಸ್ ಆನ್ ಟೀಚರ್” ಎಂದ. ಗಣಿತದ ದೃಷ್ಟಿಯಿಂದ ಅದು ತಪ್ಪು ಉತ್ತರ. ಅವನಿಗೆ ಸೊನ್ನೆ ಕೊಟ್ಟೆ.

ಆದರೆ ರಜೆಯ ಹಿಂದಿನ ದಿನ ಅದೇ ಸ್ವಪ್ನಿಲ್ ನನ್ನ ಮೇಜಿನ ಮೇಲೆ ಒಂದು ಪೊಟ್ಟಣವಿಟ್ಟು ಓಡಿಹೋದ. ಬಿಚ್ಚಿದೆ: ಒಂದು ಡಸ್ಟರು. ಅಂಗಡಿಯ ಮರದ ಹಿಡಿಯದಲ್ಲ. ಇಟ್ಟಿಗೆಯ ಆಕಾರದ ಬಟ್ಟೆಯ ಡಸ್ಟರು. ಮೇಲೆ ನೀಲಿ ಬ್ಲೌಸ್ ಪೀಸು, ಕೆಳಗೆ ಕಪ್ಪು ಮಖಮಲ್ಲು, ಒಳಗೆ ಹತ್ತಿ, ಅಂಚಿಗೆಲ್ಲ ಒತ್ತೊತ್ತಾಗಿ ಕೈಹೊಲಿಗೆ, ಒಂದು ಮೂಲೆಯಲ್ಲಿ ಹಳದಿ ದಾರದಿಂದ ‘ಮ್ಯಾಥ್ಸ್ ಸರ್’. ಎರಡು ಕಡೆ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದರಿಂದ ಇದು ತಾಯಿಯ ಕೈಯಲ್ಲ, ಹುಡುಗನದೇ ಎಂದು ಗೊತ್ತಾಗುತ್ತಿತ್ತು. ಅದನ್ನು ಅಂಗೈಯಲ್ಲಿ ಹಿಡಿದು ನಾನು ಸ್ಟಾಫ್ ರೂಮನ್ನು ಎರಡು ಸುತ್ತು ಬಂದೆ, ನೀರು ಕುಡಿಯುವ ನೆಪದಲ್ಲಿ. ಬಿರಾದಾರರು ತಮ್ಮ ಚೀಲಗಳನ್ನು ಬಿಟ್ಟು ಎದ್ದು ಬಂದರು. ಒತ್ತಿ ನೋಡಿದರು, ಮಖಮಲ್ಲು ಸವರಿದರು. “ಭಾರಿ ಅದ ನೋಡ್ರಿ ಮಾಸ್ತರ. ನಮಗ ತಿನ್ನೋದು ಉಡೋದು ಕೊಡ್ತಾವ. ಹಿಂಗ ವಿಚಾರ ಮಾಡಿ ಕೆಲಸದ ಸಾಮಾನು ಯಾರೂ ಕೊಟ್ಟಿಲ್ರಿ” ಎಂದರು. ಅವರ ದನಿಯಲ್ಲಿ ನನಗೆ ಚಿರಪರಿಚಿತವಾದ ಒಂದು ರಾಗ ಕೇಳಿಸಿತು. ಬಿರಾದಾರರಿಗೆ ಹೊಟ್ಟೆಕಿಚ್ಚು! ಆ ದಿನ ಲೋಕಲ್ಲಿನಲ್ಲಿ ಅವರ ಎರಡೂ ಚೀಲಗಳನ್ನು ನಾನೇ ಹಿಡಿದುಕೊಂಡೆ.

ಇಲ್ಲಿಯವರೆಗೆ ಓದುಗರಿಂದ ನಾನು ಒಂದು ಸಣ್ಣ ಸಂಗತಿಯನ್ನು ಮುಚ್ಚಿಟ್ಟಿದ್ದೇನೆ. ಪಾಠದ ನಡುವೆ ಮಾತಾಡುವ ಹುಡುಗರ ಕಡೆಗೆ ಡಸ್ಟರ್ ಎಸೆಯುವ ಅಭ್ಯಾಸ ನನಗಿತ್ತು. ಗುರಿ ಯಾವಾಗಲೂ ಹುಡುಗನಲ್ಲ, ಅವನ ಪಕ್ಕದ ಖಾಲಿ ಬೆಂಚು. ಗಣಿತದವನಾದ್ದರಿಂದ ನನ್ನ ಲೆಕ್ಕ ತಪ್ಪುತ್ತಿರಲಿಲ್ಲ. ಹುಡುಗನೇ ಆ ಕಡೆ ಸರಿದುಬಿಟ್ಟರೆ ನಾನೇನು ಮಾಡಲಿ? ಸ್ವಪ್ನಿಲ್ ಸ್ವಲ್ಪ ಹೆಚ್ಚಾಗಿ ಸರಿಯುವ ಹುಡುಗ. ಈ ಅಭ್ಯಾಸಕ್ಕೂ ಅವನ ಉಡುಗೊರೆಗೂ ಸಂಬಂಧವಿದೆಯೆಂದು ನನಗೆ ಹೊಳೆದಿರಲಿಲ್ಲ. ಅಂದು ಮನೆಯಲ್ಲಿ ವಿಮಲ ಪೊಟ್ಟಣದ ಕಾಗದ ಮಡಚುವಾಗ ಒಳಗಿದ್ದ ಚೀಟಿ ಬಿತ್ತು. ಅವಳೇ ಗಟ್ಟಿಯಾಗಿ ಓದಿದಳು. ಇಂಗ್ಲಿಷಿನಲ್ಲಿದ್ದ ಅದರ ಸಾರಾಂಶ ಇಷ್ಟು: ‘ಡಿಯರ್ ಸರ್, ನಿಮ್ಮನ್ನು ಒಂದು ವಾರ ನೋಡಿದೆ. ಇದು ಬೋರ್ಡು ಚೆನ್ನಾಗಿ ಒರೆಸುತ್ತದೆ. ದೂರಕ್ಕೂ ಹೋಗುತ್ತದೆ. ತಮ್ಮನ ಮೇಲೆ ಐದು ಸಲ ಎಸೆದು ನೋಡಿದೆ, ಅವನು ಅಳಲಿಲ್ಲ. ಹ್ಯಾಪಿ ಕ್ರಿಸ್ಮಸ್.’

ವಿಮಲ ನಗುತ್ತಾಳೆಂದು ಕಾದೆ. ನಗಲಿಲ್ಲ. ಡಸ್ಟರನ್ನು ತನ್ನ ಕೆನ್ನೆಗೊಮ್ಮೆ ಒತ್ತಿಕೊಂಡು, “ಪಾಪದ್ದು, ಹತ್ತಿ ಸಮಾ ತುಂಬಿಸಿದೆ” ಎಂದಳು. ಆಮೇಲೆ ನನ್ನ ಕಡೆ ನೋಡಿ, “ನಿಮ್ಮ ಕೈ ನಿಲ್ಲೂದಿಲ್ಲ ಅಂತ ಆ ಮಗುವಿಗೂ ಗೊತ್ತಾಗಿದೆ ಅಲ್ವಾ? ಎಸೆಯೂದು ನಿಲ್ಲಿಸಿ ಅಂತ ಅದು ಕೇಳ್ಲೇ ಇಲ್ಲ” ಎಂದಳು. ಆ ರಜೆಯಲ್ಲಿ ಮನೆಯಲ್ಲಿ ಯಾರೂ ತತ್ತ್ವದ ವಿಷಯ ಎತ್ತಲಿಲ್ಲ.

ಜನವರಿಯಲ್ಲಿ ಶಾಲೆ ತೆರೆಯಿತು. ಇನ್ನು ಎಸೆಯಬಾರದೆಂದು ನಿಶ್ಚಯಿಸಿಯೇ ಹೋಗಿದ್ದೆ. ಆದರೆ ಮೂರನೇ ದಿನ ಹಿಂದಿನ ಬೆಂಚಿನಲ್ಲಿ ಗುಸುಗುಸು ಕೇಳಿಸಿತು, ಕೈ ತನ್ನ ಪಾಡಿಗೆ ತಾನು ಎದ್ದಿತು. ನೀಲಿ ಡಸ್ಟರು ಪಾರಿವಾಳದಂತೆ ಹಾರಿ ಸ್ವಪ್ನಿಲನ ಎದೆಗೆ ‘ಪುಸ್’ ಎಂದು ತಾಗಿ ಬಿತ್ತು. ಸ್ವಪ್ನಿಲ್ ಅದನ್ನೆತ್ತಿ, ತನ್ನ ಹೊಲಿಗೆ ಬಿಟ್ಟಿಲ್ಲವೆಂದು ನೋಡಿಕೊಂಡು, ಚಾಚಿದ ಎರಡೂ ಕೈಗಳಲ್ಲಿ ತಂದುಕೊಟ್ಟ. ಅಷ್ಟರಲ್ಲಿ ಎಡಗಡೆಯ ಸಾಲಿನಿಂದ “ಸರ್, ಇಧರ್ ಭೀ!”, ಕಿಟಕಿಯ ಕಡೆಯಿಂದ “ಸರ್, ಮಲಾ, ಮಲಾ!” ಎಂದು ತಮ್ಮ ಕಡೆಗೂ ಎಸೆಯಲು ಕೇಳುತ್ತಾ ಕೈಗಳು ಮೇಲೆದ್ದವು. ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಕೇಳಿದ ಪ್ರಶ್ನೆಗಳಿಗೆ ಅಷ್ಟು ಕೈಗಳು ಎಂದೂ ಎದ್ದದ್ದಿಲ್ಲ. ಹೊಡೆಸಿಕೊಳ್ಳಲು ಸರದಿ ನಿಂತವರನ್ನು ಹೆದರಿಸುವ ಉಪಾಯ ಯಾವ ಬಿ.ಎಡ್. ಕಾಲೇಜಿನಲ್ಲೂ ಕಲಿಸುವುದಿಲ್ಲ. ನಾನು ಎಸೆಯುವುದನ್ನು ಅಂದೇ ಬಿಟ್ಟೆ. ಪಶ್ಚಾತ್ತಾಪದಿಂದ ಬಿಟ್ಟೆನೆಂದು ವಿಮಲಳಿಗೆ ಹೇಳಿದ್ದೇನೆ.

ಎಸೆಯುವುದು ನಿಂತ ಮೇಲೆ ಮಕ್ಕಳು ನನ್ನನ್ನು ಸಾಧಾರಣವಾಗಿ ಇಷ್ಟಪಡತೊಡಗಿದರು. ಮುಂದಿನ ಕ್ರಿಸ್ಮಸ್ಸಿಗೆ ನನಗೆ ಒಂಬತ್ತು ಕಾರ್ಡುಗಳು ಬಂದವು. ಒಂಬತ್ತರಲ್ಲೂ ಅದೇ ನಕ್ಷತ್ರ, ಅದೇ ಗಂಟೆ. ಪ್ರೀತಿಯಿಂದ ಕೊಟ್ಟವೇ ಸರಿ. ಆದರೆ ಇವುಗಳನ್ನು ಮಾಡಲು ಯಾರೂ ನನ್ನನ್ನು ಒಂದು ವಾರ ನೋಡಿರಲಿಲ್ಲ. ನೋಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಹೋದ ವರ್ಷದ ನನ್ನ ಮೇಲೆ ನನಗೇ ಹೊಟ್ಟೆಕಿಚ್ಚಾಯಿತು.

ಸ್ವಪ್ನಿಲ್ ಆಗ ಎಂಟನೇ ತರಗತಿಗೆ ಹೋಗಿದ್ದ. ಅಲ್ಲಿ ವಿಜ್ಞಾನ ಕಲಿಸುವ ಟೀಚರಮ್ಮ ದೇಶಪಾಂಡೆ ಬಾಯಿ ಅದೇ ದಿನ ಸ್ಟಾಫ್ ರೂಮಿಗೆ ಕುಣಿಯುತ್ತಲೇ ಬಂದರು. ಕೈಯಲ್ಲಿ ಹತ್ತಿ ತುಂಬಿದ, ದಪ್ಪ ಬಟ್ಟೆಯ ಒಂದು ಗವುಸು. ಹೆಬ್ಬೆರಳಿಗೊಂದು ಮನೆ, ಉಳಿದ ನಾಲ್ಕು ಬೆರಳಿಗೆ ಸೇರಿ ಒಂದು. ಒತ್ತೊತ್ತಾದ ಆ ಕೈಹೊಲಿಗೆ ಯಾರದೆಂದು ನನಗೆ ದೂರದಿಂದಲೇ ತಿಳಿಯಿತು. “ಬಿಸಿ ಕುಕ್ಕರ್ ಇಳಿಸಲು! ಕಿತೀ ವಿಚಾರ್ ಕೇಲಾ ಪೋರಾನೆ, ಎಷ್ಟು ಯೋಚನೆ ಮಾಡಿದ್ದಾನೆ ನೋಡಿ ಹುಡುಗ! ಆದರೆ ಬಲಗೈಗೆ ಒಂದೇ ಮಾಡಿದ್ದಾನಲ್ಲ, ಸರ್?” ಎಂದರು. ದೇಶಪಾಂಡೆ ಬಾಯಿ ಸಾಧ್ವಿ. ಅವರಿಗಿರುವ ದೋಷ ಒಂದೇ, ಹೋಮ್‌ವರ್ಕ್ ತಾರದ ಮಕ್ಕಳ ಕಿವಿ ಹಿಂಡುವುದು. ಆ ಗವುಸು ತೊಟ್ಟರೆ ಕಿವಿಯೇನು, ನಿಂಬೆಹಣ್ಣನ್ನೂ ಹಿಂಡಲಾಗದು.

ಬಿರಾದಾರರು ನನ್ನನ್ನು ನೋಡಿದರು; ಡಸ್ಟರಿನ ಚೀಟಿಯ ಕಥೆ ಅವರಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ನಾನು ಗುಟ್ಟು ಬಿಟ್ಟುಕೊಡಲಿಲ್ಲ. ಸಂಜೆ ಲೋಕಲ್ಲಿನಲ್ಲಿ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, “ಅಕಿ ಮನಸ್ಸು ನೋಯಬಾರದು ಅಂತ ಸುಮ್ಮನಿದ್ದಿರಿ. ದೊಡ್ಡ ಮನಸ್ಸ್ರೀ ನಿಮ್ದು, ಮಾಸ್ತರ” ಎಂದರು. ನಾನು ಆ ಹೊಗಳಿಕೆಯನ್ನು ವಿನಯದಿಂದ ಒಪ್ಪಿಕೊಂಡೆ. ನಿಜವೇನೆಂದರೆ, ಅವರ ಮನಸ್ಸಿನ ಚಿಂತೆ ನನಗಿರಲೇ ಇಲ್ಲ; ದೇಶಪಾಂಡೆ ಬಾಯಿ ಕೈತೊಳೆಯಲು ಹೊರಗೆ ಹೋದಾಗ ನಾನು ಆ ಗವುಸನ್ನು ನನ್ನ ಬಲಗೈಗೆ ಹಾಕಿ ನೋಡುತ್ತಿದ್ದೆ. ಸರಿಯಾಗಿಯೇ ಕೂತಿತ್ತು.