ನಮ್ಮ ಬೇಕರಿಗೊಂದು ಶಾಖೆ

ನಾನು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ವ್ಯಾಪಾರ ವಿಸ್ತರಣೆ ಎಂಬ ಅಧ್ಯಾಯವನ್ನು ಪುಸ್ತಕ ಮುಚ್ಚಿಟ್ಟು ಹೇಳಬಲ್ಲೆ. ಬಸವೇಶ್ವರನಗರದಲ್ಲಿ ನನ್ನ ಹೆಂಡತಿ ವಸಂತ ಒಂದು ಬೇಕರಿ ನಡೆಸುತ್ತಿದ್ದಳು, ಪಕ್ಕದಲ್ಲೇ ಅವಳ ತಮ್ಮ ಮಂಜು ಟಿಫನ್ ಹೋಟೆಲ್ ನಡೆಸುತ್ತಿದ್ದ. ಎರಡನ್ನೂ ಸೇರಿಸಿ ಕಂಪನಿ ಮಾಡಿದವನು ನಾನು. ಮಂಜು ಇಡ್ಲಿ ಬೇಯಿಸುತ್ತಿದ್ದ, ವಸಂತ ಬನ್ನು ಬೇಯಿಸುತ್ತಿದ್ದಳು, ನಾನು ಅಧ್ಯಕ್ಷನಾಗಿದ್ದೆ.

ವರ್ಷ ಮುಗಿದ ಮೇಲೆ ನಮ್ಮ ಮನೆಯ ಹಾಲಿನಲ್ಲೇ ವಾರ್ಷಿಕ ಸಭೆ ನಡೆಯಿತು. ಟಿ.ವಿ.ಯಲ್ಲಿ ಗ್ರಾಫ್ ತೋರಿಸಿ, ಕಂಪನಿಯ ಆರ್ಥಿಕ ಸಾಧನೆ ತೃಪ್ತಿಕರವಾಗಿದೆ, ವಿಸ್ತರಣೆಗೆ ಇದೇ ಸಕಾಲ ಎಂದು ಘೋಷಿಸಿದೆ. ಹುರುಳಿಕಾಯಿ ನಾರು ತೆಗೆಯುತ್ತಿದ್ದ ವಸಂತ ತಲೆ ಎತ್ತಿದಳು.

"ರೀ, ಲಾಭ ಬಂದಿದ್ರೆ ಮೊದ್ಲು ಆ ಓವನ್ ಬದಲಾಯಿಸೋಣ. ಬಾಗಿಲಿಗೆ ತಂತಿ ಕಟ್ಕೊಂಡು ಇನ್ನೆಷ್ಟು ದಿನ ಬೇಯಿಸ್ಲಿ?"

"ಹೊಸ ಓವನ್ ಬರುತ್ತೆ ಕಣೇ. ಹೊಸ ಶಾಖೆಗೆ."

ಅವಳು ಮತ್ತೆ ಹುರುಳಿಕಾಯಿ ಕಡೆ ತಿರುಗಿ "ಆಯ್ತು" ಎಂದಳು. ಓವನ್ನಿಗೆಂದು ಅವಳು ಕೂಡಿಟ್ಟಿದ್ದ ಹಣ ಅಂದೇ ವಿಸ್ತರಣಾ ನಿಧಿಯಾಯಿತು. ಆ "ಆಯ್ತು" ಒಪ್ಪಿಗೆಯಲ್ಲ ಎಂಬುದು ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಗೊತ್ತಿರಬೇಕಿತ್ತು. ಆದರೆ ನಾನು ಆಗ ಗಂಡನಾಗಿರಲಿಲ್ಲ, ಅಧ್ಯಕ್ಷನಾಗಿದ್ದೆ.

ಜಾಗ ಹುಡುಕಲು ಮಂಜುವನ್ನು ಕರೆದುಕೊಂಡು ಅನ್ನಪೂರ್ಣೇಶ್ವರಿ ನಗರಕ್ಕೆ ಹೋದೆ. ಹೊಂಗೆ ಮರದ ಹಿಂದೆ ಒಂದು ಕಟ್ಟಡ. ಕೆಳಗಿನ ಮಳಿಗೆ ಖಾಲಿ. ಅದರ ಮುಂದೆ, ಮಹಡಿಗೆ ಹೋಗುವ ಮೆಟ್ಟಿಲ ಬಳಿ, ಬೆಳಗ್ಗೆ ಬೆಳಗ್ಗೆಯೇ ಜನ ಗುಂಪುಗೂಡಿ ನಿಂತಿದ್ದರು. ಎಲ್ಲರ ಕೈಯಲ್ಲೂ ಫೈಲು, ವಿದ್ಯಾವಂತರು ಎಂದುಕೊಂಡೆ. ಎಲ್ಲರ ಮುಖದಲ್ಲೂ ಹಸಿವು. ನನ್ನ ಕಣ್ಣು ತುಂಬಿ ಬಂತು.

"ಭಾವ, ಇಷ್ಟು ಜನ ಇಲ್ಲಿ ಯಾಕೆ ನಿಂತಿದಾರೆ ಅಂತ ಒಬ್ಬರನ್ನ ಕೇಳೋಣ್ವಾ?" ಎಂದ ಮಂಜು.

"ಮಾರುಕಟ್ಟೆ ಸಮೀಕ್ಷೆ ಅಂದ್ರೆ ಗ್ರಾಹಕರನ್ನ ಗಮನಿಸೋದಪ್ಪಾ, ಮಾತಾಡಿಸೋದಲ್ಲ" ಎಂದು ತಿದ್ದಿ, ಅಂದೇ ಮುಂಗಡ ಕೊಟ್ಟೆ.

ಪ್ರಾರಂಭದ ದಿನ ಬೆಳಗಿನ ಜಾವವೇ ಗಣಹೋಮ ಮುಗಿಸಿ ವಸಂತ ತನ್ನ ಬೇಕರಿಗೆ ವಾಪಸಾದಳು; ಶಾಖೆಯಲ್ಲಿ ಬೇಯಿಸಲು ನಾನು ಒಬ್ಬ ಕೆಲಸಗಾರನನ್ನು ಇಟ್ಟಿದ್ದೆ. ಹೊಸ ಓವನ್ನಿನ ಘಮಘಮ ಮೆಟ್ಟಿಲ ಕಡೆಗೇ ಹೋಗುವಂತೆ ನಾನು ಫ್ಯಾನ್ ಹಾಕಿಸಿದ್ದೆ. ಅಷ್ಟಕ್ಕೇ ನಿಲ್ಲದೆ, ಸಿಹಿ ಕೊಬ್ಬರಿ ತುಂಬಿದ ಬಿಸಿ ದಿಲ್‌ಪಸಂದ್ ತುಂಡುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ನಿಂತಿದ್ದವರಿಗೆಲ್ಲ ಕೈಯಾರೆ ಹಂಚಿದೆ. ಕೆಲವರು ಹಿಂಜರಿದರು. ಸಂಕೋಚ ಎಂದು ತಿಳಿದು ಇನ್ನಷ್ಟು ಬಲವಂತ ಮಾಡಿದೆ. ಯಜಮಾನರೊಬ್ಬರು ಕಣ್ಣು ಮುಚ್ಚಿಕೊಂಡು ಎರಡನೆಯ ತುಂಡು ತಿನ್ನುತ್ತಿದ್ದಾಗ ಮೇಲಿನಿಂದ ಅವರ ಹೆಂಡತಿ ಇಳಿದು ಬಂದರು.

"ಅಯ್ಯೋ, ಖಾಲಿ ಹೊಟ್ಟೇಲಿ ರಕ್ತ ಕೊಡ್ಬೇಕು ಅಂತ ರಾತ್ರಿಯಿಂದ ಉಪವಾಸ ಇಟ್ಟಿದೀನಿ. ಏನ್ರೀ ತಿಂತಿದೀರಾ?"

"ಇವ್ರು ಕೊಟ್ರು ಕಣೇ" ಎಂದು ಅವರು ನನ್ನನ್ನು ತೋರಿಸಿದರು.

ಅವರ ಹಿಂದೆ ನರ್ಸಮ್ಮ ಬಂದರು, ನರ್ಸಮ್ಮನ ಹಿಂದೆ ಡಾಕ್ಟರೇ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಮೃದು ಮಾತಿನವರು. "ಸಾರ್, ಇದು ಶುಗರ್ ಕ್ಲಿನಿಕ್" ಎಂದಷ್ಟೇ ಹೇಳಿದರು. ನಾನು ಮೇಲೆ ನೋಡಿದೆ. ಹೊಂಗೆ ಕೊಂಬೆಗಳ ನಡುವೆ ಬೋರ್ಡು ನಿಚ್ಚಳವಾಗಿ ಕಾಣುತ್ತಿತ್ತು. ಅಂದು ಬೆಳಗಿನ ರಕ್ತಪರೀಕ್ಷೆಗಳೆಲ್ಲ ಮಾರನೆಯ ದಿನಕ್ಕೆ ಹೋದವು.

ಆದರೆ ಅಧ್ಯಕ್ಷನಾದವನು ಎದೆಗುಂದಬಾರದು. ಮಾರುಕಟ್ಟೆಗೆ ತಕ್ಕಂತೆ ಸರಕು ಬದಲಿಸಬೇಕು ಎಂದುಕೊಂಡು, "ಇಲ್ಲಿ ಸಕ್ಕರೆ ಇಲ್ಲದ ತಿಂಡಿ ಸಿಗುತ್ತದೆ" ಎಂದು ದೊಡ್ಡ ಬೋರ್ಡು ಬರೆಸಿ ಹಾಕಿದೆ. ಕ್ಲಿನಿಕ್ಕಿನವರು ಅದನ್ನು ನಂಬಲಿಲ್ಲ. ಬಡಾವಣೆಯ ಉಳಿದವರು ನಂಬಿದರು. ಹುಟ್ಟುಹಬ್ಬದ ಕೇಕಿಗೆಂದು ಬಂದ ತಾಯಂದಿರು ಬೋರ್ಡು ಓದಿ ಹಾಗೇ ಮುಂದೆ ಹೋದರು.

ಅವರಿಗೆಂದು ಸಕ್ಕರೆ ಹಾಕಿಯೇ ಮಾಡಿಸಿದ್ದ, ಮಾರಾಟವಾಗದೆ ಉಳಿದ ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್, ಜಾಮೂನು ನನ್ನನ್ನೇ ನೋಡುತ್ತಿದ್ದವು. ವಸಂತಳಿಗೆ ಗೊತ್ತಾಗಬಾರದು, ಎಸೆಯಲು ಮನಸ್ಸು ಬಾರದು. ಕಂಪನಿಯ ನಷ್ಟವನ್ನು ಪ್ರತಿ ಸಂಜೆ ನಾನೇ ಭರಿಸುತ್ತಾ ಬಂದೆ. ಬಾಯಿಂದ.

ಕೊನೆಗೆ ಮಂಜು ತಡೆಯಲಾರದೆ ಅಕ್ಕನಿಗೆ ಹೇಳಿಬಿಟ್ಟ. ವಸಂತ ಬಂದವಳು ಅಂಗಡಿಯೊಳಗೆ ಕಾಲಿಡಲಿಲ್ಲ. ಹೋಗಿ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಹೆಂಗಸರ ಜೊತೆ ಕೂತಳು. ಬೈಗುಳ ಎದುರಿಸಲು ನಾನು ಒಳಗೆ ಸಿದ್ಧನಾಗಿ ನಿಂತೇ ಇದ್ದೆ. ಅವಳು ಆರಾಮವಾಗಿ ಹರಟೆ ಮುಗಿಸಿ ಬಂದಳು.

"ರೀ, ಇವರೆಲ್ಲ ರಕ್ತ ಕೊಟ್ಟಮೇಲೆ ತಿಂಡಿ ತಿಂದು, ಎರಡು ಗಂಟೆ ಬಿಟ್ಟು ಮತ್ತೆ ರಕ್ತ ಕೊಡ್ಬೇಕಂತೆ. ತಿನ್ನೋಕೆ ಏನೂ ಸಿಗಲ್ಲ, ಕೂರೋಕೆ ಜಾಗ ಇಲ್ಲ. ಪಾಪ, ಮೆಟ್ಟಿಲ ಮೇಲೇ ಕೂತಿರ್ತಾರೆ."

"ನಿಂಗೆ ಯಾರು ಹೇಳಿದ್ರು?"

"ಕೇಳ್ದೆ, ಹೇಳಿದ್ರು."

ನಾನು ಮಂಜುವಿನ ಮುಖ ನೋಡಲಿಲ್ಲ.

ಆ ವಾರವೇ ನನ್ನ ಬೋರ್ಡು ಇಳಿಯಿತು. ಕುರ್ಚಿಗಳು ಬಂದವು. ಮಂಜು ರಾಗಿ ದೋಸೆ, ಸೊಪ್ಪಿನ ಪಲ್ಯ, ಇಡ್ಲಿ ಶುರು ಮಾಡಿದ. ಹೊಸ ಓವನ್ ಬಸವೇಶ್ವರನಗರದ ಬೇಕರಿಗೆ ಹೋಯಿತು. ಅದನ್ನು ಇಳಿಸುವಾಗ ವಸಂತ ಸೆರಗಿನಿಂದ ಅದರ ಬಾಗಿಲು ಒರೆಸಿ, ನನ್ನ ಕಡೆ ನೋಡಿ ನಕ್ಕಳು. ಬೈದಿದ್ದರೆ ಸಮಾಧಾನವಾಗಿರುತ್ತಿತ್ತು.

ಶಾಖೆಯ ವ್ಯಾಪಾರ ಕುದುರಿತು. ರೋಗಿಗಳು ನೆಮ್ಮದಿಯಾಗಿ ಕೂತು ತಿನ್ನುವುದನ್ನು ಕಂಡು ಡಾಕ್ಟರಿಗೂ ಸಂತೋಷ. ಒಂದು ದಿನ ನನ್ನನ್ನು ಮೇಲೆ ಕರೆದು, "ನಿಮ್ದೂ ಒಂದ್ಸಲ ಚೆಕ್ ಮಾಡೋಣ ಸಾರ್" ಎಂದರು. ಲಾಭದಲ್ಲಿರುವ ಕಂಪನಿಯ ಅಧ್ಯಕ್ಷನ ಗತ್ತಿನಲ್ಲಿ ಕೈ ಚಾಚಿದೆ. ವರದಿ ನೋಡಿ ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

"ಸಾರ್, ಖಾಲಿ ಹೊಟ್ಟೇಲೇ ಬಂದಿದ್ರಾ?"

"ಹೌದು ಡಾಕ್ಟ್ರೇ."

"ನಿಜವಾಗ್ಲೂ?"

ಈಗ ನಾನೂ ಫೈಲು ಹಿಡಿದು ಸರದಿಯಲ್ಲಿ ನಿಲ್ಲುತ್ತೇನೆ. ರಕ್ತ ಕೊಟ್ಟು ಕೆಳಗಿಳಿದರೆ ವಸಂತ ರಾಗಿ ದೋಸೆ ತಂದಿಟ್ಟು, ಮುಗಿಯುವವರೆಗೆ ಪಕ್ಕದಲ್ಲೇ ಕೂತಿರುತ್ತಾಳೆ. ಪ್ರೀತಿಯೋ ಕಾವಲೋ, ನಾನು ಕೇಳಿಲ್ಲ. ಹೊಸ ರೋಗಿಗಳು ಹೇಳಿದ ಮಾತು ಕೇಳದಿದ್ದಾಗ ನರ್ಸಮ್ಮ ನನ್ನ ಕಡೆ ಕೈ ತೋರಿಸಿ, "ನೋಡಿ, ಅವರದ್ದೇ ಬೇಕರಿ" ಎನ್ನುತ್ತಾರೆ. ಆ ರೋಗಿಗಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆ ಕ್ಷಣವೇ ಸಿಹಿ ಬಿಡಲು ತೀರ್ಮಾನಿಸುತ್ತಾರೆ. ವ್ಯಾಪಾರದ ಜಾಹೀರಾತಿನ ಬಗ್ಗೆ ವರ್ಷಗಟ್ಟಲೆ ಪಾಠ ಮಾಡಿದವನು ನಾನು. ಇಷ್ಟು ಪರಿಣಾಮಕಾರಿಯಾದದ್ದನ್ನು ಕಂಡಿರಲಿಲ್ಲ.