ಒಂದು ಕ್ಷಣದ ರಾಣಿ

ಕಾರ್ನಿವಲ್ಲಿನ ಮೊದಲ ದಿನ ಮಧ್ಯಾಹ್ನ ಎಲಿಯೇಸರ್ ಮಾಡಿದ ತಪ್ಪು ಇಷ್ಟೇ: ಕಂಪ್ಯೂಟರಿನ ಪರದೆ ಕಾಣುವ ಕಡೆಗೆ ಗಿರಾಕಿಗೆ ಕುರ್ಚಿ ಹಾಕಿಕೊಟ್ಟ. ಫೋಟೋ ಸ್ಟುಡಿಯೋ ಇಟ್ಟವನು ಬೇರೆ ಏನು ಮಾಡಿದರೂ ಇದನ್ನು ಮಾಡಬಾರದು.

ಅವನಿಗೆ ಅವಸರವಿತ್ತು. ಬರಾಂಕಿಯಾ ಊರಿನ ಆ ಓಣಿಯಿಂದ ಇನ್ನು ಸ್ವಲ್ಪ ಹೊತ್ತಿಗೆ ಮರಿಮೊಂದ ಎಂಬ ಉದ್ದಮೂಗಿನ ವಿದೂಷಕ ವೇಷದವರ ತಂಡ ಕುಣಿಯುತ್ತ ಹೊರಡುವುದಿತ್ತು. ಹುಟ್ಟಿದಾಗಿನಿಂದ ಫುಟ್‌ಪಾತಿನಲ್ಲಿ ನಿಂತು ಫೋಟೋ ತೆಗೆದೇ ಬಂದವನು ಈ ಸಲ ಮೊದಲ ಬಾರಿಗೆ ತಾನೂ ಕುಣಿಯುವವನಿದ್ದ. ಹಳದಿ-ಹಸಿರು ಪಟ್ಟೆಯ ಚಲ್ಲಣವನ್ನು ಆಗಲೇ ಏರಿಸಿ, ಮೇಲೊಂದು ಸಭ್ಯ ಅಂಗಿ ತೊಟ್ಟು, ಅರ್ಧ ವ್ಯಾಪಾರಿ ಅರ್ಧ ವಿದೂಷಕನಾಗಿ ಮೇಜಿನ ಹಿಂದೆ ಕೂತಿದ್ದ. ಈ ಸಲದ ಕಾರ್ನಿವಲ್ಲಿಗೆ ಓಣಿಯವರು ಆರಿಸಿದ ರಾಣಿ ಯುರಾನಿಸಳ ಫೋಟೋವನ್ನು ಪ್ರೆಸ್ಸಿಗೆ ಕಳಿಸಿದರೆ ಅವನ ಕೆಲಸ ಮುಗಿಯಿತು. ಕಾರ್ನಿವಲ್ಲಿನ ಪ್ರತಿ ಸಂಜೆ ಓಣಿ ಓಣಿಯ ರಾಣಿಯರು ಮೆರವಣಿಗೆಯಲ್ಲಿ ಬಹುಮಾನಕ್ಕೆ ಪೈಪೋಟಿ ನಡೆಸುತ್ತಿದ್ದರು; ಆ ಸಂಜೆಯ ಮೆರವಣಿಗೆಗೆ ಆಳೆತ್ತರದ ಪೋಸ್ಟರ್ ತಯಾರಾಗಬೇಕಿತ್ತು.

ರಾಣಿಯ ತಾಯಿ ನೆರೀದಾ ಕುರ್ಚಿ ತುಂಬ ಕೂತಳು; ಹಿರಿಯ ಹೆಂಗಸರನ್ನೆಲ್ಲ ಗೌರವದಿಂದ ಕರೆಯುವಂತೆ ಅವಳನ್ನೂ ಅಲ್ಲಿ ದೋನ್ಯಾ ಎನ್ನುತ್ತಿದ್ದರು. ರಾಣಿಯ ಗೌನು ಹೊಲಿದ ಚಿಕ್ಕಮ್ಮ ತುಲಿಯಾ ಬೀಸಣಿಗೆ ಹಿಡಿದು ನಿಂತಳು. ಯುರಾನಿಸ್ ತಲೆ ತುಂಬ ಕರ್ಲರು ಸುತ್ತಿಕೊಂಡು ಬಾಗಿಲಿಗೆ ಒರಗಿದಳು.

ಎಲಿಯೇಸರ್ ಫೈಲು ತೆರೆದ. ಪರದೆಯ ತುಂಬ ಯುರಾನಿಸ್ ಬೆಳಗಿದಳು. ಗೌನು ಆಗತಾನೇ ಅರಳಿದ ದಾಸವಾಳ, ಚರ್ಮ ತುಪ್ಪ ಸವರಿದ ಹಾಗೆ.

"ಅಯ್ಯೋ ನನ್ನ ಬಂಗಾರ" ಎಂದಳು ನೆರೀದಾ. ಅವಳು ಬಾಯಿ ಮುಚ್ಚುವಷ್ಟರಲ್ಲಿ ಚಿತ್ರ ಒಮ್ಮೆ ಮಿಣುಕಿತು. ಬಣ್ಣವೆಲ್ಲ ಜರ್ರನೆ ಇಳಿದುಹೋಯಿತು. ಗೌನು ಸೋಪಿನ ನೀರಲ್ಲಿ ನೆನೆಹಾಕಿದ ಬನಿಯನ್ನಿನಂತಾಯಿತು. ರಾಣಿ ಜ್ವರ ಬಿಟ್ಟು ಎದ್ದವಳಂತೆ ಕಂಡಳು.

"ಏನು ಮಾಡ್ದೆ?" ನೆರೀದಾ ಕೇಳಿದಳು.

"ಏನೂ ಮಾಡಿಲ್ಲ ದೋನ್ಯಾ. ಮೊದಲು ಕಂಡಿದ್ದು ಕ್ಯಾಮೆರಾ ತಾನೇ ಬಣ್ಣ ಹಾಕಿ ಇಟ್ಟಿರೋ ಚಿಕ್ಕ ನಕಲು, ಪೋಸ್ಟರಿಗೆ ಸಾಲಲ್ಲ. ಆಮೇಲೆ ಬಂದಿದ್ದು ನಿಜವಾದ ಫೈಲು. ಅದು ಹಸಿ. ಅದನ್ನ ನಾನು ಬೇಯಿಸ್ಬೇಕು."

"ಬೆಂದಿದ್ದೇ ಬಂದಿತ್ತಲ್ಲ. ಅದನ್ಯಾಕೆ ಹಸಿ ಮಾಡ್ದೆ?"

ಎಲಿಯೇಸರ್ ಮೌಸನ್ನು ಹತ್ತಿರ ಎಳೆದುಕೊಂಡ.

"ನಾನು ಒಂದೊಂದೇ ಚಮಕಿ ಕೂರಿಸಿ ಹೊಲಿದಿದ್ದು" ಎಂದಳು ತುಲಿಯಾ. "ಈ ಬಣ್ಣಕ್ಕಾ?"

ಅವನು ಬೇಯಿಸತೊಡಗಿದ. ಕೆಂಪು ಏರಿಸಿದರೆ ಗೌನಿನ ಜೊತೆ ಮೂಗೂ ಕೆಂಪಾಯಿತು. ಬಿಸುಪು ಕೊಟ್ಟರೆ ರಾಣಿ ಪಪ್ಪಾಯಿಯಾದಳು. ಇಳಿಸಿದರೆ ಹೆಣವಾದಳು.

"ಇದ್ಯಾವುದೂ ಬೇಡ. ಅದನ್ನೇ ಮತ್ತೆ ತೋರಿಸು" ಎಂದಳು ನೆರೀದಾ.

ಮುಚ್ಚಿ ತೆರೆದ. ದಾಸವಾಳ ಅರಳಿತು, ಬನಿಯನ್ನು ನೆನೆಯಿತು.

"ಹಾಂ, ಅದೇ. ಓಡಿಹೋಗೋಕೆ ಮುಂಚೆ ಹಿಡ್ಕೋ."

ಮಾತು ಓಣಿಗೆ ಹಬ್ಬಿತು. ಎಲಿಯೇಸರನ ಕಂಪ್ಯೂಟರಿನಲ್ಲಿ ರಾಣಿ ಬಂದು ಮಾಯವಾಗುತ್ತಾಳಂತೆ ಎಂದು ಹೆಂಗಸರು ತೂಗುಕುರ್ಚಿ ಸಮೇತ ಬಂದರು. ಅವನು ತೆರೆದಾಗಲೆಲ್ಲ ಸ್ಟುಡಿಯೋ ಒಟ್ಟಾಗಿ "ಆಹಾ" ಎನ್ನುತ್ತಿತ್ತು, ಮರುಗಳಿಗೆ ಒಟ್ಟಾಗಿ "ಛೆ" ಎನ್ನುತ್ತಿತ್ತು. ತುಲಿಯಾ ಮೊಬೈಲಿನಲ್ಲಿ ಆ ಕ್ಷಣವನ್ನು ಹಿಡಿಯಲು ನೋಡಿದಳು. ಸಿಕ್ಕಿದ್ದು ಗಾಜಿನ ಮೇಲೆ ಬಿದ್ದ ತನ್ನದೇ ಗಲ್ಲ.

ಬೈಕ್ ರಿಪೇರಿಯ ಆರ್ನುಲ್ಫೊ ಗ್ರೀಸಿನ ಕೈ ಒರೆಸುತ್ತ ಒಳಬಂದ. "ಕರೆಂಟು ಸಾಲ್ತಿಲ್ಲ ಮಾರಾಯ. ಮೊದಲು ಚೆನ್ನಾಗಿ ಎಳ್ಕೊಳ್ಳುತ್ತೆ, ಆಮೇಲೆ ದಮ್ಮು ಕಟ್ಟುತ್ತೆ. ನನ್ನ ಹತ್ರ ಬರೋ ಗಾಡಿಗಳೂ ಹೀಗೇ."

"ಆರ್ನುಲ್ಫೊ, ದಯವಿಟ್ಟು ಏನನ್ನೂ ಮುಟ್ಟಬೇಡ."

ಅಷ್ಟರಲ್ಲಿ ಅವನು ಪ್ಲಗ್ಗು ಕಿತ್ತಾಗಿತ್ತು. ಕಂಪ್ಯೂಟರು ಮತ್ತೆ ಎಚ್ಚರಗೊಳ್ಳುವಾಗ ಓಣಿಯ ಮೂಲೆಯ ಕಡೆಯಿಂದ ಸೀಟಿಗಳ ಸದ್ದು ಕೇಳಿತು. ಮರಿಮೊಂದ ತಂಡ ಸೇರುತ್ತಿತ್ತು. ಮೇಜಿನ ಕೆಳಗೆ ಎಲಿಯೇಸರನ ಪಟ್ಟೆ ಚಲ್ಲಣ ತಾನಾಗಿಯೇ ಕುಣಿಯತೊಡಗಿತು.

"ದೋನ್ಯಾ, ಹೀಗೇ ಕಳಿಸ್ಲಾ? ಪ್ರೆಸ್ಸಿನವನು ಬಾಗಿಲು ಹಾಕ್ತಾನೆ."

"ನನ್ನ ಮಗಳನ್ನ ಊರಿನ ಮುಂದೆ ರೋಗಿ ಮಾಡ್ತೀಯಾ? ಕೂತ್ಕೋ."

ಕೂತ. ಡೋಲು ಶುರುವಾಯಿತು. ಸೀಟಿಗಳು ಸ್ಟುಡಿಯೋದ ಮುಂದೆಯೇ ಹಾದವು. ಯಾರೋ ಬಾಗಿಲಲ್ಲಿ ಇಣುಕಿ "ಎಲಿಯೇಸರ್, ಬಾರೋ" ಎಂದು ಕೂಗಿ, ಉತ್ತರಕ್ಕೆ ಕಾಯದೆ ಹೊರಟುಹೋದರು. ಡೋಲಿನ ಸದ್ದು ತಿರುವು ದಾಟಿ ಸಣ್ಣದಾಗುವವರೆಗೂ ಅವನು ಮೌಸು ಹಿಡಿದು ಗೋಡೆ ನೋಡುತ್ತಿದ್ದ.

ಆಗ ಆರ್ನುಲ್ಫೊ ಸಮಾಧಾನ ಹೇಳಲು ಬಾಗಿದ. ಅವನ ಮೊಣಕೈ ಮೌಸಿನ ಮೇಲೆ ಬಿತ್ತು. ಎಲಿಯೇಸರ್ ಎಂದೂ ಕಂಡಿರದ ಒಂದು ಪಟ್ಟಿ ಪರದೆಯಲ್ಲಿ ತೆರೆದುಕೊಂಡಿತು. ಅದರ ಮಧ್ಯದಲ್ಲಿ 'ಕ್ಯಾಮೆರಾ ಕಂಡಂತೆ' ಎಂದಿತ್ತು. ಅವನು ಉಸಿರು ಹಿಡಿದು ಒತ್ತಿದ.

ದಾಸವಾಳ ಅರಳಿತು. ಮಿಣುಕಲಿಲ್ಲ. ಮಾಯವಾಗಲಿಲ್ಲ. ಮೊದಲ ಕ್ಷಣದ ಅದೇ ಕೆಂಪು, ಅದೇ ತುಪ್ಪದ ಚರ್ಮ, ಕೂದಲೆಳೆಯ ವ್ಯತ್ಯಾಸವಿಲ್ಲದೆ ಪರದೆಯ ಮೇಲೆ ನಿಂತುಬಿಟ್ಟಿತು. ಎಲಿಯೇಸರನಿಗೆ ಕಣ್ಣು ತುಂಬಿ ಬಂತು. ಈಗ ಕಳಿಸಿ ಓಡಿದರೆ ತಂಡವನ್ನು ಚರ್ಚಿನ ಹತ್ತಿರ ಹಿಡಿಯಬಹುದು.

"ಆಹಾ" ಎಂದಿತು ಸ್ಟುಡಿಯೋ. ಆಮೇಲೆ "ಛೆ" ಎನ್ನಲು ಏನೂ ಉಳಿಯದೆ, ಎಲ್ಲರೂ ನೋಡುತ್ತಲೇ ಇದ್ದರು. ಇನ್ನೂ ಸ್ವಲ್ಪ ನೋಡಿದರು.

"ಸೊಂಟದ ಹತ್ರ ಯಾಕೆ ಮುದುರಿದೆ?" ಎಂದಳು ನೆರೀದಾ.

"ನನ್ನ ಹೊಲಿಗೆಯಲ್ಲಿ ಮುದುರಿಲ್ಲ" ಎಂದಳು ತುಲಿಯಾ. "ಅವಳು ನೆಟ್ಟಗೆ ನಿಂತಿಲ್ಲ."

"ಒಂದು ಕಣ್ಣು ಸಣ್ಣದು" ಎಂದರು ಹಿಂದಿನ ತೂಗುಕುರ್ಚಿಯವರು.

"ಕಿರೀಟ ವಾಲಿದೆ" ಎಂದ ಆರ್ನುಲ್ಫೊ.

ಯುರಾನಿಸ್ ಕರ್ಲರುಗಳನ್ನು ಹಿಡಿದುಕೊಂಡು ಹತ್ತಿರ ಬಂದಳು. "ಅಮ್ಮಾ, ಮೊದಲು ಬರ್ತಿದ್ದೋಳು ಇವಳಲ್ಲ. ಅವಳು ಎಷ್ಟು ಚೆನ್ನಾಗಿದ್ಲು" ಎಂದು ಅಳತೊಡಗಿದಳು.

"ಅದೇ ಇದು" ಎಂದ ಎಲಿಯೇಸರ್. ಅವನ ದನಿ ಅವನಿಗೇ ಬೇರೆ ಯಾರದೋ ಎನಿಸಿತು. "ಆಣೆ ಮಾಡಿ ಹೇಳ್ತೀನಿ, ಅದೇ ಇದು. ಆಗ ನೋಡೋಕೆ ನಿಮಗೆ ಪುರುಸೊತ್ತಿರಲಿಲ್ಲ, ಅಷ್ಟೇ."

ನೆರೀದಾ ಮಗಳ ಕಣ್ಣು ಒರೆಸಿದಳು. ಆಮೇಲೆ ಫೋನ್ ಎತ್ತಿ ಪ್ರೆಸ್ಸಿನವನಿಗೆ, "ಪೋಸ್ಟರ್ ಬೇಡಪ್ಪ" ಎಂದಳು. ಎಲಿಯೇಸರನ ಕಡೆ ತಿರುಗಿ, "ಪರದೆ ಮೇಲೆ ಬೆಳಕು ಬಿಡೋ ಮಿಷನ್ನು ಚರ್ಚಲ್ಲಿದೆ, ಕೇಳಿ ತರಿಸ್ತೀನಿ. ನೀನು ಮೊದಲಿನ ಹಾಗೇ ಮಾಡು. ಬರ್ಲಿ, ಹೋಗ್ಲಿ" ಎಂದಳು.

ಕತ್ತಲಾಗುವ ಹೊತ್ತಿಗೆ ರಾಣಿಯರ ಮೆರವಣಿಗೆ ಹೊರಟಿತು. ಯುರಾನಿಸಳ ಗಾಡಿಯ ಮೇಲೆ ಬಿಳಿ ದುಪ್ಪಟಿ ಬಿಗಿದಿದ್ದರು. ಅದರ ಹಿಂದೆ ಯಾರಿಗೂ ಕಾಣದಂತೆ ಎಲಿಯೇಸರ್ ಕೂತು ಫೈಲು ತೆರೆದ, ಮುಚ್ಚಿದ, ತೆರೆದ. ಪ್ರತಿ ಸಲವೂ ಬೀದಿ ಇಡೀ "ಆಹಾ" ಎಂದಿತು. ಆ ರಾತ್ರಿ ತೀರ್ಪುಗಾರರು ಯುರಾನಿಸಳಿಗೇ ಬಹುಮಾನ ಕೊಟ್ಟರು.

ಅವನು ಗಾಡಿಯಿಂದ ಇಳಿದಾಗ ಬೇರೆ ಓಣಿಗಳ ರಾಣಿಯರ ತಾಯಂದಿರು ಅವನಿಗಾಗಿ ಸಾಲುಗಟ್ಟಿ ನಿಂತಿದ್ದರು.

"ನಾಳೆ ನಮ್ಮ ಗಾಡಿಗೆ ಬಾ" ಎಂದಳು ಮುಂದೆ ನಿಂತವಳು.

"ಪೋಸ್ಟರೇ ಮಾಡಿಕೊಡ್ತೀನಿ ದೋನ್ಯಾ. ಈಗ ಬಣ್ಣ ನಿಲ್ಲೋ ಹಾಗೆ ಮಾಡೋಕೆ ಬರುತ್ತೆ" ಎಂದ ಎಲಿಯೇಸರ್.

ಅವಳು ಅವನ ಭುಜ ತಟ್ಟಿದಳು. "ನಿಲ್ಲೋದು ಯಾಕಪ್ಪ? ನಮ್ಮ ಹುಡುಗಿಗೂ ಗೆಲ್ಲೋ ಆಸೆ ಇದೆ."