ಒಡೆಯದ ಮಾತ್ರೆ, ನಮ್ಮ ಮನೆಯ ಗಂಜಿ

ಬೇರೆಯವರ ಬದುಕಿನಲ್ಲಿ ಗಾಬರಿ ಆಗೊಮ್ಮೆ ಈಗೊಮ್ಮೆ ಬರುತ್ತದಂತೆ. ನಾನು ಬಿ.ಫಾರ್ಮ ಓದಿದ ನಾಲ್ಕು ವರ್ಷ ಅದು ಪಲ್ಲಡಂ ಬಸ್ಸಿನ ಹಾಗೆ ಒಂದು ಹೋಗುತ್ತಿದ್ದಂತೆ ಇನ್ನೊಂದು ಬಂದು ನಿಲ್ಲುತ್ತಿತ್ತು. ಎಂಬತ್ತರ ದಶಕದ ಮಾತು. ಕಾಲೇಜು, ಹಾಸ್ಟೆಲ್ಲು ಕೊಯಮತ್ತೂರಿನಲ್ಲಿ. ಮನೆ ಪಲ್ಲಡಂ ಪಕ್ಕದ ನೇಕಾರರ ಬೀದಿಯಲ್ಲಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಬೀದಿಯವರೆಲ್ಲ ಕನ್ನಡ ಮಾತಾಡುತ್ತಾರೆ, ಆದರೆ ಕನ್ನಡದ ಅಕ್ಷರ ಒಬ್ಬರಿಗೂ ಬಾರದು. ನಾನು ಕಲಿತದ್ದೂ ಮದುವೆಯಾಗಿ ಮೈಸೂರಿಗೆ ಬಂದ ಮೇಲೆ. ಇದನ್ನು ಅವರು ಯಾರೂ ಓದಲಾರರು ಎಂಬ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ.

ನಮ್ಮ ಬೀದಿಯಿಂದ ಕಾಲೇಜಿಗೆ ಹೋದ ಮೊದಲ ಹುಡುಗಿ ನಾನು. ಅಪ್ಪ ಕಳಿಸಿದ್ದು ಒಂದೇ ಒಂದು ಷರತ್ತಿನ ಮೇಲೆ. ಹಾಸ್ಟೆಲ್ಲಿಗೆ ಬಿಡಲು ಬಂದವರು ಪೆಟ್ಟಿಗೆಯನ್ನು ಕೆಳಗಿಟ್ಟು ಹೇಳಿದ್ದರು: "ಒಂದು ಸಬ್ಜೆಕ್ಟ್ ಫೇಲಾದ್ರೂ ಇದೇ ಪೆಟ್ಟಿ ತಗೊಂಡು ಬಂದು ಮಗ್ಗದ ಮುಂದೆ ಕೂತ್ಕೋಬೇಕು. ಸರಿನಾ?" ಸರಿ ಅಂದೆ. ಆಮೇಲೆ ನಾಲ್ಕು ವರ್ಷ ನನಗೆ ಕನಸಿನಲ್ಲಿಯೂ ಮಗ್ಗದ ಸದ್ದೇ.

ಡಾಕ್ಟರಮ್ಮನ ಪೊಟ್ಟಣ

ಮೊದಲ ವರ್ಷ ನಮಗೆ ಕಲಿಸಿದ ದೊಡ್ಡ ವಿದ್ಯೆ ಎಂದರೆ ಪುಡಿಯನ್ನು ತೂಗಿ, ಕಾಗದದಲ್ಲಿ ಚೊಕ್ಕವಾಗಿ ಮಡಚಿ ಪೊಟ್ಟಣ ಕಟ್ಟುವುದು. ಅಭ್ಯಾಸಕ್ಕೆ ಔಷಧ ಕೊಡುತ್ತಿರಲಿಲ್ಲ. ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆಯನ್ನೇ ಕಟ್ಟಬೇಕು. ನನ್ನ ಮಡಿಕೆ ಸೊಟ್ಟಗಾಗುತ್ತಿತ್ತು. ಅದಕ್ಕೆ ರಜೆಯಲ್ಲಿ ತಿದ್ದಿಕೊಳ್ಳೋಣವೆಂದು ಒಂದು ಡಬ್ಬ ತುಂಬ ಪೊಟ್ಟಣಗಳನ್ನು ಮನೆಗೆ ತಂದಿದ್ದೆ.

ಬಂದ ಮರುದಿನವೇ ಎದುರುಮನೆ ತಾತ ನಮ್ಮ ಜಗಲಿಯಲ್ಲಿ ಕೂತು ನನ್ನ ಮುಂದೆ ನಾಲಿಗೆ ಚಾಚಿದರು. ಅವರ ಹಿಂದೆ ಮಂಡಿನೋವಿನವರು, ಮಗ್ಗದ ಧೂಳಿನ ಕೆಮ್ಮಿನವರು ಎಲ್ಲ ಸಾಲಾಗಿ ನಿಂತಿದ್ದರು. ನಾನು ಹೌಹಾರಿ, ನಾನು ಓದುತ್ತಿರುವುದು ಡಾಕ್ಟರಿಕೆ ಅಲ್ಲ, ಔಷಧ ಮಾಡುವುದನ್ನು ಮಾತ್ರ, ಕೊಡುವುದು ನನ್ನ ಕೆಲಸವಲ್ಲ ಎಂದು ಕೈಮುಗಿದು ಹೇಳಿದೆ. ಅಜ್ಜಿಗೆ ಅವಮಾನವಾಯಿತು. ಅಡುಗೆ ಮಾಡುವವಳಿಗೆ ಬಡಿಸಲು ಬಾರದೇ ಎಂದು ಕೇಳಿದರು.

ರಜೆ ಮುಗಿದು ಹೊರಡುವಾಗ ನೋಡುತ್ತೇನೆ, ಡಬ್ಬ ಖಾಲಿ. ಅಜ್ಜಿ ಇಡೀ ಬೀದಿಗೆ ಬಡಿಸಿ ಮುಗಿಸಿದ್ದರು. ಅದು ಬರೀ ಸಕ್ಕರೆ ಎಂದು ಬೀದಿಗೆ ಗೊತ್ತಾದರೆ ಅಪ್ಪನ ಮರ್ಯಾದೆ ಏನು? ಕಾಲೇಜಿಗೆ ಗೊತ್ತಾದರೆ ನನ್ನ ಗತಿ ಏನು? ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಮುಂದಿನ ರಜೆಗೆ ಬಂದರೆ ಎಲ್ಲರಿಗೂ ವಾಸಿಯಾಗಿತ್ತು. ಮಂಡಿ, ಕೆಮ್ಮು, ಎದೆಯುರಿ, ಏನೂ ಉಳಿದಿರಲಿಲ್ಲ. ಪೊಟ್ಟಣ ಮುಗಿದ ಮೇಲೆ ಅಜ್ಜಿ ಅಡುಗೆಮನೆಯ ಸಕ್ಕರೆಯನ್ನು ಕುಟ್ಟಿ, ನನ್ನ ಕಾಗದದಲ್ಲಿಯೇ ಮಡಚಿ ಹಂಚಿದ್ದರೆಂದೂ ತಿಳಿಯಿತು.

ತಾತ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ಮದ್ದಿಗೆ ಮರುಂದು, ಮುದ್ದಿಗೆ ಕಣ್ಣು ಎನ್ನುವ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಮೆಲ್ಲಗೆ ಕೇಳಿದರು: "ಮೊದಲು ಕೊಟ್ಟ ಮರುಂದು ಗುಂಡಿನ ಹಾಗೆ ಕೆಲಸ ಮಾಡ್ತು ಕಣ್ಣು. ಆಮೇಲಿಂದು ಅಷ್ಟು ವೇಗ ಇಲ್ಲ. ಪಾಠ ಸರಿಯಾಗಿ ಕೇಳ್ತಾ ಇದ್ದೀಯಾ?"

ಬೆಂಕಿಪೆಟ್ಟಿಗೆಯ ವಿದ್ಯೆ

ಎರಡನೇ ವರ್ಷ ಬೇರು, ತೊಗಟೆ, ಬೀಜಗಳ ಪಾಠ. ಪ್ರತಿಯೊಬ್ಬರೂ ಇಪ್ಪತ್ತು ಬಗೆಯ ಮೂಲಿಕೆ ಸಂಗ್ರಹಿಸಿ, ಖಾಲಿ ಬೆಂಕಿಪೆಟ್ಟಿಗೆಗಳಲ್ಲಿಟ್ಟು, ಮೇಲೆ ಲ್ಯಾಟಿನ್ ಹೆಸರಿನ ಚೀಟಿ ಅಂಟಿಸಿ ಒಪ್ಪಿಸಬೇಕು. ಒಪ್ಪಿಸದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಕೂರಿಸದಿದ್ದರೆ ಅಪ್ಪ ಹೇಳಿದ ಆ ಪೆಟ್ಟಿಗೆ, ಮಗ್ಗ. ಶನಿವಾರ ಊರಿಗೆ ಬಂದವಳೇ ಅಮ್ಮನ ಸಾಂಬಾರ ಡಬ್ಬಕ್ಕೆ ಕೈಹಾಕಿ ಲವಂಗ, ಚಕ್ಕೆ, ಏಲಕ್ಕಿ, ಮೆಣಸು, ಸೋಂಪು ಎಲ್ಲವನ್ನೂ ಆರಿಸಿಕೊಂಡೆ. ಉಳಿದದ್ದನ್ನು ನಾಟಿ ಔಷಧದ ಅಂಗಡಿಯಿಂದ ತಂದಿದ್ದೆ. ಅದರಲ್ಲಿ ಕಾಸರಕದ ಬೀಜವೂ ಇತ್ತು. ನಮ್ಮ ಕಡೆ ಅದಕ್ಕೆ ಎಟ್ಟಿ ಅನ್ನುತ್ತೇವೆ. ಬೂದುಬಣ್ಣ, ಗುಂಡಗೆ, ಚಪ್ಪಟೆ, ಕೋಟಿನ ಗುಂಡಿಯ ಹಾಗೆ. ಶುದ್ಧ ವಿಷ.

ಭಾನುವಾರ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ವೆಳ್ಳಕೋಯಿಲ್‌ನಿಂದ ಅತ್ತೆಯ ಮನೆಯವರು ಹೇಳದೆ ಕೇಳದೆ ಬಂದಿಳಿದಿದ್ದರು. ಅಡುಗೆಮನೆಯಿಂದ ಘಮಘಮ ವಾಸನೆ. ಕೋಣೆಗೆ ಹೋಗಿ ನೋಡಿದರೆ ನನ್ನ ಬೆಂಕಿಪೆಟ್ಟಿಗೆಗಳೆಲ್ಲ ಬಾಯಿ ತೆರೆದು ಬಿದ್ದಿವೆ. ಅಮ್ಮನನ್ನು ಕೇಳಿದೆ. ಸಾಂಬಾರ ಡಬ್ಬ ಖಾಲಿ ಮಾಡಿದ್ದು ಯಾರು, ಇಂಗ್ಲಿಷ್ ಚೀಟಿ ಅಂಟಿಸಿದ ಮಾತ್ರಕ್ಕೆ ಲವಂಗ ಲವಂಗವಲ್ಲದೆ ಹೋಗುತ್ತದೆಯೇ ಎಂದು ಅಮ್ಮ ನನಗೇ ತಿರುಗಿಬಿದ್ದರು.

ಲವಂಗ ಹೋಗಲಿ. ಎಟ್ಟಿಯ ಪೆಟ್ಟಿಗೆ ಎಲ್ಲಿ? ಅದೂ ಖಾಲಿಯಾಗಿತ್ತು. ಒದ್ದೆ ಕೂದಲಿನಲ್ಲಿಯೇ ನಡುಮನೆಗೆ ಓಡಿ, ಎಲೆಯ ಮುಂದೆ ಕೂತಿದ್ದ ಮಾವನ ಕೈ ಹಿಡಿದು, ತಿನ್ನಬೇಡಿ ಎಂದು ತುತ್ತನ್ನು ಕೆಡವಿದೆ. ಎಷ್ಟು ಹೊತ್ತಾಯಿತು, ಯಾರಿಗಾದರೂ ಕೈಕಾಲು ಸೆಳೆಯುತ್ತಿದೆಯೇ ಎಂದು ಎಲ್ಲರ ಮುಖ ನೋಡುತ್ತ ನಿಂತೆ. ಅವರೆಲ್ಲ ನನ್ನ ಮುಖ ನೋಡುತ್ತ ಕೂತರು. ಓದಿ ಓದಿ ಹೀಗಾಗಿದೆ ಎಂದು ಯಾರೋ ಅಂದರು.

ಅಷ್ಟರಲ್ಲಿ ಜಗಲಿಯಿಂದ ಟಕ್ ಟಕ್ ಸದ್ದು ಕೇಳಿತು. ಅಜ್ಜಿಯೂ ಅತ್ತೆಯೂ ಅಳಗುಳಿಮಣೆ ಆಡುತ್ತಿದ್ದರು. ಮಣೆಯ ಕುಣಿಗಳಲ್ಲಿ ನನ್ನ ಎಟ್ಟಿ ಬೀಜ. ಹುಣಿಸೆಬೀಜ ಸಾಲಲಿಲ್ಲವಂತೆ. ಇದು ವಿಷ ಎಂದು ನಾನು ಕೂಗಿದೆ. ಅಜ್ಜಿ ತಲೆಯನ್ನೂ ಎತ್ತಲಿಲ್ಲ.

"ಎಟ್ಟಿ ವಿಷ ಅಂತ ನಂಗೆ ಗೊತ್ತಿಲ್ವಾ? ಅದಕ್ಕೇ ಆಡ್ತಾ ಇರೋದು, ತಿಂತಾ ಇಲ್ಲ. ತಡಿ, ಆಟ ಮುಗೀಲಿ ಕೊಡ್ತೀನಿ. ನಾನು ಗೆಲ್ತಾ ಇದೀನಿ."

ಮೇಡಂ ಕುಡಿದ ಕಾಫಿ

ಇದು ಚಿಕ್ಕದು, ಆದರೆ ಇವತ್ತಿಗೂ ನೆನೆದರೆ ನಾನು ಬೆಚ್ಚುತ್ತೇನೆ. ಸಕ್ಕರೆ ಪಾಕ ಮಾಡುವುದು ನಮ್ಮ ಲ್ಯಾಬಿನ ಮೊದಲ ಪಾಠಗಳಲ್ಲಿ ಒಂದು. ಸಕ್ಕರೆ, ನೀರು, ಬಿಸಿ, ಅಷ್ಟೇ. ಆ ಅಷ್ಟೇ ನನಗೆ ಬರುತ್ತಿರಲಿಲ್ಲ. ಮೂರು ವಾರ ಸಾಲಾಗಿ ಮೇಡಂ ನನ್ನ ಪಾಕವನ್ನು ಬೆಳಕಿಗೆ ಹಿಡಿದು, ಬಣ್ಣ ಸರಿಯಿಲ್ಲ, ಹದ ಸರಿಯಿಲ್ಲ, ಮತ್ತೆ ಮಾಡು ಎಂದು ದಾಖಲೆ ಪುಸ್ತಕದಲ್ಲಿ ಕೆಂಪು ಗೆರೆ ಎಳೆದರು. ಮೂರನೇ ಸಲ ಗೆರೆ ಎಳೆಯುತ್ತ ಲೋಟದಿಂದ ಒಂದು ಗುಟುಕು ಕುಡಿದು, ಇತ್ತೀಚೆಗೆ ನಮ್ಮ ಲ್ಯಾಬಿನ ಕಾಫಿ ಬಹಳ ಚೆನ್ನಾಗಿರುತ್ತದೆ ಎಂದು ಅಟೆಂಡರಿಗೆ ಶಹಬಾಸ್ ಹೇಳಿದರು.

ನಾನು ಕಣ್ಣೀರು ತುಂಬಿಕೊಂಡು ಸಾಮಾನು ತೊಳೆಯುತ್ತಿದ್ದೆ. ಅಟೆಂಡರು ಹತ್ತಿರ ಬಂದರು. ತಲೆ ನೆರೆತ, ಒಳ್ಳೆಯ ಮನುಷ್ಯ. ಸುತ್ತ ನೋಡಿ ತಮಿಳಿನಲ್ಲಿ ಪಿಸುಗುಟ್ಟಿದರು: ಅಳಬೇಡಮ್ಮ, ಮೇಡಂ ಮಾರ್ಕು ಕೊಡದಿದ್ದರೆ ಏನಂತೆ, ಮೂರು ವಾರದಿಂದ ಅವರ ಕಾಫಿಗೆ ನಿನ್ನ ಪಾಕವನ್ನೇ ಹಾಕುತ್ತಿದ್ದೇನೆ, ಫಸ್ಟ್ ಕ್ಲಾಸ್ ಬಂದವರ ಪಾಕ ಅವರಿಗೆ ಸೇರುವುದಿಲ್ಲ.

ಒಡೆಯದ ಮಾತ್ರೆ

ಕೊನೆಯ ವರ್ಷದ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ. ಅದು ದಾಟಿದರೆ ಡಿಗ್ರಿ. ಮದ್ರಾಸಿನಿಂದ ಬಂದ ಪರೀಕ್ಷಕರು ದಪ್ಪ ಕನ್ನಡಕದವರು, ನಗುವುದನ್ನು ಮನೆಯಲ್ಲಿಯೇ ಬಿಟ್ಟು ಬಂದವರು. ನನ್ನ ಪಾಲಿಗೆ ಬಂದದ್ದು ಜ್ವರದ ಮಾತ್ರೆ. ಎಲ್ಲರಿಗೂ ಅದೇ.

ಮಾತ್ರೆ ಮಾಡುವ ಕ್ರಮ ಹೀಗೆ. ಪುಡಿಗೆ ಗಂಜಿ ಹಾಕಿ ಕಲಸಬೇಕು. ಅದನ್ನು ಕಾಳು ಕಾಳಾಗಿ ಮಾಡಿ ಒಣಗಿಸಬೇಕು. ಕೈಯಲ್ಲಿ ತಿರುಗಿಸುವ ಯಂತ್ರದಲ್ಲಿ ಒತ್ತಿ ಬಿಲ್ಲೆ ತೆಗೆಯಬೇಕು. ಆಮೇಲೆ ಆರು ಮಾತ್ರೆಗಳನ್ನು ಇನ್ನೊಂದು ಯಂತ್ರದ ಗಾಜಿನ ಕೊಳವೆಗಳಲ್ಲಿ ಹಾಕಿದರೆ, ಅದು ಅವನ್ನು ಬೆಚ್ಚಗಿನ ನೀರಿನಲ್ಲಿ ಮೇಲೆ ಕೆಳಗೆ ಅದ್ದುತ್ತದೆ. ಹದಿನೈದು ನಿಮಿಷದೊಳಗೆ ಆರೂ ಒಡೆದು ಪುಡಿಯಾಗಬೇಕು, ಏಕೆಂದರೆ ಹೊಟ್ಟೆಯೊಳಗೂ ಹಾಗೆಯೇ ಆಗಬೇಕಲ್ಲ. ಆ ಯಂತ್ರ ಇಡೀ ಕಾಲೇಜಿಗೆ ಒಂದೇ ಇತ್ತು.

ಗಂಜಿ ಅಂದಾಗಲೇ ನನ್ನ ಕೇಡು ಶುರುವಾದದ್ದು. ನಮ್ಮ ಮನೆಯಲ್ಲಿ ಹಾಸುನೂಲಿಗೆ ಗಂಜಿ ಹಚ್ಚುವ ದಿನ ಬೆಳಗಾಗುವ ಮೊದಲೇ ಬೀದಿಯುದ್ದಕ್ಕೂ ನೂಲು ಎಳೆದು ಕಟ್ಟುತ್ತಾರೆ. ಗಂಜಿ ಕಾಯಿಸುವುದು ನನ್ನ ಪಾಲಿನ ಕೆಲಸ, ಎಂಟನೇ ವಯಸ್ಸಿನಿಂದ. ಸೌಟಿನಿಂದ ಬಿಟ್ಟರೆ ನಡುವೆ ತುಂಡಾಗದೆ ದಾರವಾಗಿ ಇಳಿಯಬೇಕು, ಆಗಲೇ ಮಗ್ಗದ ಏಟಿಗೆ ನೂಲು ತಡೆಯುತ್ತದೆ. ಪರೀಕ್ಷೆಯ ದಿನ ಪುಸ್ತಕದಲ್ಲಿದ್ದ ಅಳತೆಯ ಪ್ರಕಾರ ತೆಳ್ಳಗೆ ಮಾಡಿದೆ. ಆದರೆ ಭಯಕ್ಕೆ ತಲೆ ಓಡುತ್ತಿರಲಿಲ್ಲ, ಕೈ ಮಾತ್ರ ಓಡುತ್ತಿತ್ತು. ಆ ನೀರುನೀರು ಗಂಜಿ ನೋಡಿ ಕೈಗೆ ನಾಚಿಕೆಯಾಯಿತು. ಇನ್ನಷ್ಟು ಹಿಟ್ಟು ಹಾಕಿತು, ಕುದಿಸಿತು, ಮತ್ತೂ ಹಾಕಿತು. ಗಾಜಿನ ಕಡ್ಡಿಯಿಂದ ದಾರ ಇಳಿದಾಗಲೇ ಸಮಾಧಾನವಾದದ್ದು.

ಮಾತ್ರೆಗಳು ಎಷ್ಟು ಚೆಂದ ಬಂದವೆಂದರೆ ಪರೀಕ್ಷಕರೂ ಒಂದನ್ನು ಎತ್ತಿ ನೋಡಿದರು. ನನ್ನ ನಂಬರು ಮೊದಲಿನದು, ಹಾಗಾಗಿ ಯಂತ್ರಕ್ಕೂ ನನ್ನ ಮಾತ್ರೆಗಳೇ ಮೊದಲು ಬಿದ್ದವು. ಹದಿನೈದು ನಿಮಿಷವಾಯಿತು. ಒಂದೂ ಅಲುಗಲಿಲ್ಲ. ಅರ್ಧ ಗಂಟೆಯಾಯಿತು. ಪರೀಕ್ಷಕರು ಬಂದು ಬಗ್ಗಿ ನೋಡಿ, ಇವು ಒಡೆಯುವವರೆಗೆ ಯಾರೂ ಯಂತ್ರ ಮುಟ್ಟಕೂಡದು ಎಂದು ಹೇಳಿ ಊಟಕ್ಕೆ ಹೋದರು. ಆರು ಮಾತ್ರೆ ಮೇಲೆ ಹೋದವು, ಕೆಳಗೆ ಬಂದವು, ಮೇಲೆ ಹೋದವು. ನಾನು ಅವನ್ನೇ ನೋಡುತ್ತ ಕಲ್ಲಾಗಿ ನಿಂತಿದ್ದೆ. ನಾಲ್ಕು ವರ್ಷ ಹೀಗೆ ಮುಗಿಯಿತಲ್ಲ ಎಂದು ಅಳಬೇಕೆನ್ನಿಸಿತು, ಆದರೆ ಗಾಬರಿಗೆ ಅಳುವೂ ಬರಲಿಲ್ಲ.

ಗೆಳತಿ ಕಿವಿಯಲ್ಲಿ ಹೇಳಿದಳು, ಸುಮ್ಮನೆ ಎಂಟು ನಿಮಿಷ ಅಂತ ಬರೆದು ಮಾತ್ರೆ ತೆಗೆದುಬಿಡು. ಪೆನ್ನು ತೆಗೆದೆ. ಒಂದೂಕಾಲು ಗಂಟೆಯಿಂದ ಕಣ್ಣೆದುರೇ ಕುಣಿಯುತ್ತಿರುವುದನ್ನು ಎಂಟು ನಿಮಿಷ ಎಂದು ಬರೆಯಲು ಮನಸ್ಸು ಒಪ್ಪಲಿಲ್ಲ. "ಒಡೆಯಲಿಲ್ಲ" ಎಂದು ಬರೆದು ಕೊಟ್ಟೆ.

ಊಟ ಮುಗಿಸಿ ಬಂದ ಪರೀಕ್ಷಕರು ಎಲ್ಲರ ಉತ್ತರ ಓದತೊಡಗಿದರು. ಒಬ್ಬನದು ಏಳು ನಿಮಿಷ, ಇನ್ನೊಬ್ಬಳದು ಎಂಟೂವರೆ, ಗೆಳತಿಯದು ಆರೂಮುಕ್ಕಾಲು. ಉಳಿದ ಹದಿನೇಳು ಜನರದೂ ಅಚ್ಚುಕಟ್ಟಾಗಿತ್ತು. ಓದಿ ಮುಗಿಸಿ ಕನ್ನಡಕ ತೆಗೆದು, ಇನ್ನೂ ನನ್ನ ಆರು ಮಾತ್ರೆಗಳನ್ನು ಅದ್ದುತ್ತಿದ್ದ ಯಂತ್ರದ ಕಡೆ ತಿರುಗಿದರು. ಆಮೇಲೆ ಕೇಳಿದರು: "ಇದು ಬೆಳಗಿನಿಂದ ಬಿಡುವಾಗೇ ಇಲ್ಲ. ನೀವೆಲ್ಲ ಯಾವ ಯಂತ್ರದಲ್ಲಿ ಮಾಡಿದಿರಿ?"

ಕೊನೆಗೆ ಹಿಂದಿನಿಂದ ಒಬ್ಬ, "ಕೈಯಲ್ಲಿ ಅದ್ದಿದೆವು ಸಾರ್" ಅಂದ.

ಹದಿನೇಳು ಜನರೂ ನನ್ನ ಮಾತ್ರೆಗಳನ್ನು ತೆಗೆದು, ತಮ್ಮವನ್ನು ಹಾಕಿ, ಒಬ್ಬೊಬ್ಬರಾಗಿ ಮತ್ತೆ ಪರೀಕ್ಷಿಸಬೇಕಾಯಿತು. ಒಂದು ವಾರ ಯಾರೂ ನನ್ನೊಡನೆ ಮಾತಾಡಲಿಲ್ಲ. ಪರೀಕ್ಷಕರು ನನ್ನ ಕಾಗದದ ಮೇಲೆ ಏನೋ ಗೀಚುತ್ತ ಇಷ್ಟೇ ಹೇಳಿದರು, ನಿನ್ನ ಮಾತ್ರೆ ಫೇಲು, ನೀನು ಫೇಲಲ್ಲ. ನಾನು ನಂಬಲಿಲ್ಲ. ಮನೆಗೆ ಬಂದು ತುಟಿ ಬಿಚ್ಚದೆ ರಿಸಲ್ಟಿಗಾಗಿ ಕಾದೆ.

ಪಾಸಾದ ಸುದ್ದಿ ಬಂದ ಬೆಳಿಗ್ಗೆ ಬೀದಿಯಲ್ಲಿ ನೂಲು ಎಳೆದು ಕಟ್ಟಿದ್ದರು. ಅಪ್ಪ ಕುಂಚ ಹಿಡಿದು ಗಂಜಿ ಹಚ್ಚುತ್ತಿದ್ದರು. ಆಗ ಮಾತ್ರ ಎಲ್ಲವನ್ನೂ ಹೇಳಿದೆ. ಅಪ್ಪ ಕುಂಚ ಕೆಳಗಿಟ್ಟರು. ಆ ಮಾತ್ರೆ ಒಂದಾದರೂ ಇದೆಯೇ ಎಂದು ಕೇಳಿದರು. ಬೆಂಕಿಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆ. ಒಂದನ್ನು ಚೊಂಬಿನ ನೀರಿಗೆ ಹಾಕಿ ಮತ್ತೆ ಕೆಲಸಕ್ಕೆ ಹೋದರು. ನೂಲು ಒಣಗಿ ಸುತ್ತಿದ ಮೇಲೆ ಬಂದು ಚೊಂಬು ಬಗ್ಗಿಸಿದರು. ಮಾತ್ರೆ ಟಣ್ ಎಂದು ಜಗಲಿಯ ಕಲ್ಲಿನ ಮೇಲೆ ಬಿತ್ತು. ಅಪ್ಪ ಅದನ್ನು ಎತ್ತಿ ಇಡೀ ಬೀದಿಗೆ ತೋರಿಸಿದರು.

"ಇವಳು ಫೇಲಾಗ್ತಾಳೆ ಅಂತ ನಂಗೆ ಒಂದಿನವೂ ಭಯ ಇರ್ಲಿಲ್ಲ," ಅಂದರು. "ಓದೋಕೆ ಹೋಗಿ ಗಂಜಿ ಕಾಯ್ಸೋದು ಮರ್ತುಬಿಡ್ತಾಳೇನೋ ಅಂತ ನಾಲ್ಕು ವರ್ಷ ನಿದ್ದೆ ಇಲ್ಲ."

ಹಾಗಿದ್ದರೆ ನಾಲ್ಕು ವರ್ಷ ನಾನು ಹೆದರಿದ್ದು ಯಾವುದಕ್ಕೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಎದುರುಮನೆ ತಾತ ಮುಂದೆ ಬಂದು ಕೈ ಚಾಚಿದರು.

"ಅದನ್ನ ನಂಗೆ ಕೊಡಪ್ಪ. ಆಸ್ಪತ್ರೇಲಿ ದಿನಕ್ಕೆ ಮೂರು ನುಂಗು ಅಂತಾರೆ. ಇದು ಒಂದು ನುಂಗಿದ್ರೆ ಸಾಯೋ ತನಕ ಒಳಗೇ ಇರುತ್ತೆ."